ಇಸಿಜಿ ನಾರ್ಮಲ್, ಆದರೆ ಅಣ್ಣಯ್ಯ ತೋಟಕ್ಕೆ ಇಳಿಯುತ್ತಿಲ್ಲ

ಫೈಲಿನಲ್ಲಿ ಇದ್ದದ್ದು ಇಷ್ಟು. ಗಂಡಸು, 56 ವರ್ಷ, ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರು. 2024ರ ಜುಲೈನಲ್ಲಿ ಹೃದಯಾಘಾತ. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ನಾಳ ಬ್ಲಾಕ್ ಆಗಿತ್ತು, ಒಂದು ಸ್ಟೆಂಟ್ ಹಾಕಿದ್ದಾರೆ. ಸ್ವಲ್ಪ ಬಿಪಿ ಇದೆ, ಶುಗರ್ ಇಲ್ಲ. ಮೊದಲ ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಹೃದಯ ರಕ್ತ ತಳ್ಳುವ ಲೆಕ್ಕ, 38, ಮೂರು ತಿಂಗಳ ನಂತರ 48. ಈ ನಡುವೆ ಎದೆನೋವು, ಏದುಸಿರು ಅಂತ ಮೂರು ಸಲ ತುರ್ತು ವಿಭಾಗಕ್ಕೆ ಬಂದಿದ್ದಾರೆ. ಮೂರು ಸಲವೂ ಇಸಿಜಿಯಲ್ಲಿ ಹೊಸದೇನೂ ಇಲ್ಲ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ನೋಡುವ ರಕ್ತಪರೀಕ್ಷೆ ಟ್ರೋಪೋನಿನ್ ನೆಗೆಟಿವ್. ಕೊನೆಯ ಹಾಳೆಯಲ್ಲಿ ಯಾರೋ ಪೆನ್ನಿನಲ್ಲಿ ಬರೆದಿದ್ದರು: ಧೈರ್ಯ ಹೇಳಲಾಗಿದೆ.

ಹೇಳಿದ್ದು ನಿಜವೇ ಇರಬೇಕು. ಆದರೆ ಧೈರ್ಯ ಬಂದಿರಲಿಲ್ಲ.

ನಾನು ಶಿವಮೊಗ್ಗದಲ್ಲಿ ಆಪ್ತ ಸಮಾಲೋಚನೆ ಕೆಲಸ ಮಾಡುತ್ತೇನೆ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ಹಾಗೆ ಮಾಡಿದ್ದು. ಅಂಥ ಒಂದು ಮಂಗಳವಾರವೇ ಇವರು ನಮ್ಮ ಮುಂದೆ ಬಂದು ಕೂತರು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. "ಊರ ಹೆಸರೊಂದು ಹಾಕ್ಬೇಡಿ, ಉಳಿದದ್ದು ಎಂತ ಬೇಕಾದ್ರೂ ಹಾಕಿ" ಅಂದರು. ಅವರನ್ನು ಅಣ್ಣಯ್ಯ ಅನ್ನುತ್ತೇನೆ, ಅವರ ಹೆಂಡತಿಯನ್ನು ಅತ್ತಿಗೆ. ಕ್ಲಿನಿಕ್ಕಿನಲ್ಲೂ ಕರೆದದ್ದು ಹಾಗೆಯೇ. ನಮ್ಮ ಕಡೆ ಚೀಟಿ ನೋಡಿ ಹೆಸರು ಕೂಗಿದರೆ ಆಮೇಲೆ ಮಾತು ಹುಟ್ಟುವುದು ಕಷ್ಟ.

ಆಘಾತ ಆದ ದಿನ ಮಳೆ ಸ್ವಲ್ಪ ಹೊಳವಾಗಿತ್ತು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಕೊನೆಗಾರ, ಅಂದರೆ ಅಡಿಕೆ ಮರ ಹತ್ತುವವ, ಬಂದಿದ್ದ. ಅಣ್ಣಯ್ಯ ಬ್ಯಾರೆಲ್ಲಿನ ಹತ್ತಿರ ನಿಂತು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಮಾಡುತ್ತಿದ್ದರು. ಎದೆಯ ನಡುವೆ ಹಿಂಡಿದ ಹಾಗಾಯಿತು, ಬೆವರು ಬಂತು. ಗ್ಯಾಸ್ ಅಂದುಕೊಂಡರು. ಜೀರಿಗೆ ಕಷಾಯ ಕುಡಿದರು, ಆಮೇಲೆ ಸೋಡಾ. ಔಷಧಿ ಹೊಡೆದು ಮುಗಿಯಲಿ ಅಂತ ಕೂತೇ ಇದ್ದರು, ಯಾಕೆಂದರೆ ಜುಲೈನಲ್ಲಿ ಹೊಳವೂ ಕೊನೆಗಾರನೂ ಒಟ್ಟಿಗೆ ಸಿಗುವುದು ಅಷ್ಟು ಸುಲಭ ಅಲ್ಲ. ಹೀಗೆ ಎರಡು ಮೂರು ಗಂಟೆ ಹೋಯಿತು. ಕೊನೆಗೆ ಪಕ್ಕದ ಮನೆಯವರ ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆ, ಇಸಿಜಿ, ಹೆಪ್ಪು ಕರಗಿಸುವ ಇಂಜೆಕ್ಷನ್. ದುಬಾರಿ ಇಂಜೆಕ್ಷನ್ ಅದು. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ. ಅಲ್ಲಿಂದ ಶಿವಮೊಗ್ಗ, ಮರುದಿನ ಆಂಜಿಯೋಪ್ಲಾಸ್ಟಿ, ಐದನೇ ದಿನ ಮನೆ.

ಹೃದಯದ ಮಟ್ಟಿಗೆ ಎಲ್ಲ ಚೆನ್ನಾಗಿಯೇ ಆಯಿತು. ಕಥೆ ಶುರುವಾಗುವುದು ಮನೆಗೆ ಬಂದ ಮೇಲೆ.

ಬಿಡುಗಡೆ ಮಾಡುವಾಗ ಹೇಳಿದ ಮಾತುಗಳನ್ನು ಅತ್ತಿಗೆ ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದರು. ನನಗೆ ತೋರಿಸಿದರು. ಭಾರ ಎತ್ತಬಾರದು. ಮೆಟ್ಟಿಲು ಹತ್ತಬಾರದು. ಉಪ್ಪು, ಎಣ್ಣೆ ಬಾರದು. ಎಲೆ ಅಡಿಕೆ, ಹೊಗೆಸೊಪ್ಪು ಮುಟ್ಟಬಾರದು. ಟೆನ್ಷನ್ ಮಾಡಿಕೊಳ್ಳಬಾರದು. ಪುಟದ ತುಂಬಾ ಬಾರದು, ಬಾರದು. ಯಾವುದು ಎಷ್ಟು ದಿನದ ಮಟ್ಟಿಗೆ ಅಂತ ಇಲ್ಲ. ಏನು ಮಾಡಬಹುದು, ಯಾವತ್ತಿನಿಂದ ಮಾಡಬಹುದು, ಅದೂ ಇಲ್ಲ. ಮಾತ್ರೆಗಳ ಬಗ್ಗೆ ಮಾತ್ರ ಬೆಳಿಗ್ಗೆ ಒಂದು, ರಾತ್ರಿ ಎರಡು ಅಂತ ಚೊಕ್ಕವಾಗಿ ಇತ್ತು.

ನನ್ನ ಪ್ರಕಾರ ಈ ಪ್ರಕರಣದ ಅರ್ಧ ಕಾಯಿಲೆ ಆ ಪುಟದಲ್ಲೇ ಇತ್ತು. ಮೆಟ್ಟಿಲು ಹತ್ತಬಾರದು ಅನ್ನುವುದು ಮೊದಲ ಕೆಲವು ದಿನದ ಮಾತು. ಅಣ್ಣಯ್ಯ ಮೂರು ತಿಂಗಳಾದರೂ ಉಪ್ಪರಿಗೆ ಹತ್ತಿರಲಿಲ್ಲ. ಮನೆ ಮೇಲೆ, ತೋಟ ಕೆಳಗೆ. ಇಳಿದರೆ ಹತ್ತಲೇಬೇಕು. ಹಾಗಾಗಿ ಇಳಿಯುವುದನ್ನೇ ಬಿಟ್ಟರು. ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ಒಂದು ಸುತ್ತು ಹಾಕುತ್ತಿದ್ದ ತೋಟವನ್ನು ಜಗುಲಿಯಿಂದ ನೋಡುತ್ತಾ ಕೂತರು. ಕೊಯ್ಲು ಹತ್ತಿರ ಬಂದಾಗ ಮಗ ಬೆಂಗಳೂರಿನಿಂದ ಬಂದು, ಅಮ್ಮನ ಹತ್ತಿರ ಮಾತಾಡಿ, ಆ ವರ್ಷದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟ. ಅಪ್ಪನಿಗೆ ತೊಂದರೆ ಆಗದಿರಲಿ ಅಂತ ಮಾಡಿದ್ದು. ಚೇಣಿಯವರು ಅಡ್ವಾನ್ಸ್ ಎಣಿಸಿ ಕೊಟ್ಟದ್ದು ಮಗನ ಕೈಗೆ. ಅಣ್ಣಯ್ಯ ಅಲ್ಲೇ ಕುರ್ಚಿಯಲ್ಲಿ ಇದ್ದರು. ನಮ್ಮ ಹತ್ತಿರ ಆಘಾತದ ದಿನದ ಬಗ್ಗೆ ಮಾತಾಡುವಾಗ ಅವರ ದನಿ ಒಂದೇ ಸಮ ಇತ್ತು. ಈ ಅಡ್ವಾನ್ಸಿನ ವಿಷಯ ಬಂದಾಗ ಅತ್ತುಬಿಟ್ಟರು.

ಇನ್ನು ನೆಂಟರು. ಕಾಯಿಲೆಯವರನ್ನು ನೋಡಲು ಹೋಗುವುದು ನಮ್ಮಲ್ಲಿ ಒಂದು ಕರ್ತವ್ಯ, ಹೋಗದಿದ್ದರೆ ತಪ್ಪು ತಿಳಿಯುತ್ತಾರೆ. ಮೂಸಂಬಿ, ಬ್ರೆಡ್ಡು, ಹಾರ್ಲಿಕ್ಸ್ ಹಿಡಿದು ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಮತ್ತೆ ಪ್ರತಿಯೊಬ್ಬರೂ ಒಂದು ಕಥೆ ಹೇಳುತ್ತಾರೆ. "ಕೊಪ್ಪದ ಕಡೆ ನಮ್ಮ ಭಾವನಿಗೂ ಹಿಂಗೇ ಸ್ಟೆಂಟ್ ಹಾಕಿದ್ರು ಮಾರಾಯ, ಚೆನ್ನಾಗೇ ಇದ್ರು, ಒಂದಿನ ಬಚ್ಚಲಿಗೆ ಹೋದವರು ಬರ್ಲೇ ಇಲ್ಲ." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಜೋಪಾನ ಅನ್ನುವುದನ್ನು ಅವರು ಹೇಳುವ ರೀತಿ ಅದು. ಆದರೆ ಕೇಳಿದವರು ಅವತ್ತಿನಿಂದ ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟರು. ಜೊತೆಗೆ ಪುನೀತ್ ಮಾತು ಬಂದೇ ಬರುತ್ತಿತ್ತು. 2021ರ ಅಕ್ಟೋಬರಿನಲ್ಲಿ ಹೋದಾಗ ಅವರಿಗೆ 46 ವರ್ಷ. ಅಷ್ಟು ಗಟ್ಟಿ ದೇಹದವರೇ ಹೋದರು, ನಾವೆಲ್ಲ ಎಲ್ಲಿ ಅನ್ನುವುದು ಕರ್ನಾಟಕದ ಯಾವ ಹೃದ್ರೋಗಿಯೂ ಕೇಳದೆ ಇರುವ ಮಾತಲ್ಲ.

ರಾತ್ರಿಗಳು ಬೇರೆಯೇ. ಎಡಕ್ಕೆ ಮಗ್ಗುಲಾದರೆ ದಿಂಬಿನಲ್ಲಿ ಎದೆಬಡಿತ ಕೇಳುತ್ತದೆ. ಅದು ಯಾರಿಗಾದರೂ ಕೇಳಬಹುದಾದ್ದು, ನಿಮಗೂ ಕೇಳುತ್ತದೆ, ನೀವು ಗಮನ ಕೊಡುವುದಿಲ್ಲ ಅಷ್ಟೇ. ಅಣ್ಣಯ್ಯ ಗಮನ ಕೊಟ್ಟರು. ಒಂದು ಬಡಿತ ತಪ್ಪಿದ ಹಾಗಾದರೆ ಎದ್ದು ಕೂತು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಿದ್ದರು. ಮಗ ಕಳಿಸಿದ ಬಿಪಿ ಮೆಷಿನ್ನೂ ಇತ್ತು. ಎರಡು ಸಲ ನೋಡಿದರೆ ಎರಡು ಲೆಕ್ಕ ತೋರಿಸುತ್ತದೆ, ಯಾವುದು ಸರಿ ಅಂತ ಮೂರನೇ ಸಲ, ಅಷ್ಟರಲ್ಲಿ ಹೆದರಿಕೆಗೆ ಬಿಪಿ ನಿಜವಾಗಿಯೂ ಏರಿರುತ್ತದೆ. ನಾಡಿ 58 ಅಂತ ಬಂದರೆ ಕೈಕಾಲು ತಣ್ಣಗಾಗುತ್ತಿತ್ತು. 72 ಇರಬೇಕು ಅಂತ ಶಾಲೆಯಲ್ಲಿ ಓದಿದ್ದರಲ್ಲ. ಮೆಟೊಪ್ರೊಲಾಲ್ ಅನ್ನುವ ಮಾತ್ರೆ ಕೊಡುವುದೇ ನಾಡಿಯನ್ನು ನಿಧಾನ ಮಾಡಿ ಹೃದಯಕ್ಕೆ ಕೆಲಸ ಕಡಿಮೆ ಮಾಡಲು, 58 ಅಂದರೆ ಮಾತ್ರೆ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಹೊರಗೆ ಐವತ್ತು ಜನ ಕಾಯುತ್ತಿರುವಾಗ ಡಾಕ್ಟರ ಹತ್ತಿರ ನಾಡಿಯ ಲೆಕ್ಕ ಕೇಳುವಷ್ಟು ದಾಕ್ಷಿಣ್ಯ ಬಿಟ್ಟವರು ಮಲೆನಾಡಿನಲ್ಲಿ ಕಡಿಮೆ.

ಮೂರನೇ ಸಲ ತುರ್ತು ವಿಭಾಗಕ್ಕೆ ಬಂದಾಗ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಇಸಿಜಿ ಮಡಿಸಿಟ್ಟು "ರಾತ್ರಿ ನಿದ್ದೆ ಬರ್ತದಾ?" ಅಂತ ಕೇಳಿದರು. ಅಷ್ಟೇ. ಅಣ್ಣಯ್ಯನ ಗಂಟಲು ಕಟ್ಟಿತು. ಅಲ್ಲಿಂದ ಮಂಗಳವಾರದ ಚೀಟಿ ಬರೆಸಿಕೊಂಡು ಹೋದವರು ಎರಡು ಮಂಗಳವಾರ ಬರಲೇ ಇಲ್ಲ. "ನಂಗೆಂತ ತಲೆ ಕೆಟ್ಟಿದ್ಯಾ?" ಅಂತ ಹೆಂಡತಿ ಮೇಲೆ ಕೂಗಾಡಿದರಂತೆ. ಊರಿನವರು ನೋಡಿದರೆ ಅನ್ನುವುದು ಬೇರೆ. ಬಂದಾಗಲೂ ಹೊರಗೆ ಬೆಂಚಿನ ಮೇಲೆ ಫೈಲನ್ನು ತಿರುಗಿಸಿ ಇಟ್ಟುಕೊಂಡು ಕೂತಿದ್ದರು.

ಮೊದಲ ಭೇಟಿಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಇಎಫ್ ಬಗ್ಗೆ. "38 ಅಂದ್ರೆ ಎಂತ ಲೆಕ್ಕ? ಎಸ್ಸೆಸ್ಸೆಲ್ಸಿಯಲ್ಲಿ ಆದ್ರೆ ಮೂರು ಮಾರ್ಕಲ್ಲಿ ಪಾಸು." ನಗಿಸಲು ಹೇಳಿದ್ದಲ್ಲ. ನೂರರಲ್ಲಿ 38 ಉಳಿದಿದೆ, 62 ಸತ್ತುಹೋಗಿದೆ ಅಂತ ಅವರು ನಂಬಿದ್ದರು. ಮೂರು ತಿಂಗಳಿಂದ ಆ ಲೆಕ್ಕದ ಜೊತೆ ಬದುಕಿದ್ದರು. ಇಎಫ್ ಅಂದರೆ ಎಡ ಹೃತ್ಕುಕ್ಷಿ ತುಂಬಿದಾಗ ಇರುವ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವುದು. ನೂರಕ್ಕೆ ನೂರು ಯಾರ ಹೃದಯವೂ ತಳ್ಳುವುದಿಲ್ಲ. ಆರೋಗ್ಯವಂತರಲ್ಲಿ ಸುಮಾರು 55ರಿಂದ 70. ಆಘಾತವಾದ ಹೊಸತರಲ್ಲಿ ಸ್ನಾಯುವಿನ ಒಂದಷ್ಟು ಭಾಗ ಸತ್ತಿರುವುದಿಲ್ಲ, ಪೆಟ್ಟು ತಿಂದು ಸುಮ್ಮನಾಗಿರುತ್ತದೆ, ವಾರಗಳು ತಿಂಗಳುಗಳು ಕಳೆದಂತೆ ಮತ್ತೆ ಕೆಲಸ ಶುರು ಮಾಡುತ್ತದೆ. ಅದಕ್ಕೇ ಅವರದು 48ಕ್ಕೆ ಏರಿದ್ದು. ಈ ವಿವರ ಹೇಳಿ ಮುಗಿಸಿದಾಗ ಅತ್ತಿಗೆ "ಇದನ್ನ ಆವತ್ತೇ ಹೇಳಿದ್ರೆ ಆಗ್ತಿತ್ತಲ್ಲ" ಅಂದರು. ಆಗುತ್ತಿತ್ತು.

ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 27 ಅಂಕ. 15 ಮುಟ್ಟಿದರೆ ಖಿನ್ನತೆ ಸಾಕಷ್ಟು ಗಟ್ಟಿಯಾಗಿ ಕೂತಿದೆ ಅಂತ ಲೆಕ್ಕ. ಅಣ್ಣಯ್ಯನದು 16. ಆತಂಕದ್ದೂ ಜಾಸ್ತಿಯೇ ಇತ್ತು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. "ಸಾವೇ ಪಕ್ಕದಲ್ಲಿ ಮಲಗ್ತದೆ, ಯೋಚನೆ ಎಂತದು. ಆದ್ರೆ ನಾನಾಗಿ ಮಾಡ್ಕೊಳ್ಳುದಿಲ್ಲ" ಅಂದರು. ಆದರೂ ತೋಟದ ಮನೆ, ಔಷಧಿ ಡಬ್ಬಗಳು ಇರುತ್ತವೆ. ನೇರವಾಗಿಯೇ ಕೇಳಿದೆವು, ಬೀಗ ಹಾಕಿ ಬೀಗದ ಕೈ ಅತ್ತಿಗೆ ಹತ್ತಿರ ಇರಲಿ ಅಂತ ಹೇಳಿದೆವು. ರಾತ್ರಿ ಹೊತ್ತು ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಪುಸ್ತಕದಲ್ಲಿ ಬರೆಸಿದೆವು.

ಹೃದಯಾಘಾತದ ನಂತರ ಸುಮಾರು ಐವರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಂಥ ಖಿನ್ನತೆ ಬರುತ್ತದೆ. ಇದು ಬರೀ ಬೇಜಾರಿನ ವಿಷಯ ಅಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರಾಶರ್-ಸ್ಮಿತ್ ಅವರ ತಂಡ 222 ರೋಗಿಗಳನ್ನು ಗಮನಿಸಿ 1993ರಲ್ಲೇ ಬರೆದಿತ್ತು, ಖಿನ್ನತೆ ಇದ್ದವರಲ್ಲಿ ಆರು ತಿಂಗಳೊಳಗೆ ಸಾವಿನ ಅಪಾಯ ಸುಮಾರು ನಾಲ್ಕು ಪಟ್ಟು ಅಂತ. ಅಮೆರಿಕದ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಖಿನ್ನತೆಯನ್ನೂ ಹೃದ್ರೋಗಿಗಳ ಅಪಾಯದ ಪಟ್ಟಿಗೆ ಸೇರಿಸಬೇಕು ಅಂದಿತು. ಖಿನ್ನತೆ ಇರುವವರು ಮಾತ್ರೆ ತಪ್ಪಿಸುತ್ತಾರೆ, ನಡೆಯುವುದಿಲ್ಲ, ನಿದ್ದೆ ಮಾಡುವುದಿಲ್ಲ, ಬಿಟ್ಟ ಹೊಗೆಸೊಪ್ಪು ಮತ್ತೆ ಹಿಡಿಯುತ್ತಾರೆ. ಒಳಗಡೆ ಒತ್ತಡದ ಹಾರ್ಮೋನು, ಉರಿಯೂತ, ರಕ್ತ ಹೆಪ್ಪುಗಟ್ಟುವ ಗುಣ ಇವೂ ಬದಲಾಗುತ್ತವೆ. ಆದರೆ ಅಣ್ಣಯ್ಯನಿಗೆ ಇದನ್ನೆಲ್ಲ ಮೊದಲ ದಿನ ಹೇಳಲಿಲ್ಲ. ಹೆದರಿದವರಿಗೆ "ನೀವು ಹೆದರಿದರೆ ಸಾಯ್ತೀರಿ" ಅಂತ ಹೇಳಿ ಪ್ರಯೋಜನ ಏನು? "ಟೆನ್ಷನ್ ಮಾಡ್ಕೋಬೇಡಿ" ಅನ್ನುವ ಮಾತೂ ಅದೇ ಜಾತಿಯದು. ಟೆನ್ಷನ್ ಆದಾಗೆಲ್ಲ ಅವರಿಗೆ ಅಯ್ಯೋ ಟೆನ್ಷನ್ ಆಯ್ತಲ್ಲ ಅಂತ ಇನ್ನೊಂದು ಟೆನ್ಷನ್ ಆಗುತ್ತಿತ್ತು.

ಮೊದಲು ದೇಹದ ಕಡೆಯಿಂದ ಶುರು ಮಾಡಿದೆವು, ಯಾಕೆಂದರೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ಸೋಮಾರಿತನ. ಥೈರಾಯ್ಡ್, ಹಿಮೋಗ್ಲೋಬಿನ್ ಸರಿಯಿತ್ತು. ಏದುಸಿರಿನ ವಿಷಯದಲ್ಲಿ ಒಂದು ಸುಳಿವು ಸಿಕ್ಕಿತು. ಅವರು ವಿವರಿಸುತ್ತಿದ್ದದ್ದು ನಡೆದಾಗ ಬರುವ ದಮ್ಮು ಅಲ್ಲ, ಸುಮ್ನೆ ಕೂತಿದ್ದಾಗ ಒಂದು ಉದ್ದ ಉಸಿರು ಬೇಕು ಅನ್ನಿಸುವುದು. ರಕ್ತ ತೆಳುವಾಗಿಸಲು ಅವರಿಗೆ ಟಿಕಾಗ್ರೆಲರ್ ಕೊಟ್ಟಿದ್ದರು. ಒಳ್ಳೆಯ ಮಾತ್ರೆ. ಆದರೆ ತೆಗೆದುಕೊಳ್ಳುವ ಸುಮಾರು ಏಳು ಜನರಲ್ಲಿ ಒಬ್ಬರಿಗೆ ಇಂಥ ಉಸಿರಾಟದ ಕಿರಿಕಿರಿ ಆಗುತ್ತದೆ, ಹೃದಯ, ಶ್ವಾಸಕೋಶ ಎರಡೂ ಸರಿಯಿದ್ದರೂ. ನಮ್ಮ ಮನೋವೈದ್ಯರು ಹೃದ್ರೋಗ ತಜ್ಞರಿಗೆ ಪತ್ರ ಬರೆದರು, ಅವರು ಪರೀಕ್ಷಿಸಿ ಅದೇ ಕೆಲಸದ ಇನ್ನೊಂದು ಮಾತ್ರೆ ಕ್ಲೊಪಿಡೋಗ್ರೆಲ್‌ಗೆ ಬದಲಿಸಿದರು. ಕೆಲವೇ ದಿನದಲ್ಲಿ ಆ ಉಸಿರು ನಿಂತಿತು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು: ಈ ಮಾತ್ರೆಗಳನ್ನು ಯಾರೂ ತಾವಾಗಿ ನಿಲ್ಲಿಸಬಾರದು, ಸ್ಟೆಂಟ್ ಒಳಗೆ ಹೆಪ್ಪುಗಟ್ಟಿದರೆ ಜೀವಕ್ಕೆ ಅಪಾಯ. ಬದಲಿಸುವುದು ಡಾಕ್ಟರ ಕೆಲಸ.

ಹೊಗೆಸೊಪ್ಪಿನ ಮಾತೂ ಇದೆ. ಮೂವತ್ತು ವರ್ಷದ ಎಲೆ ಅಡಿಕೆ ಹೊಗೆಸೊಪ್ಪು ಒಂದೇ ದಿನ ನಿಂತಿತ್ತು. ನಿಲ್ಲಿಸಿದ್ದು ಸರಿಯೇ. ಮೊದಲ ವಾರಗಳ ಸಿಡುಕು, ನಿದ್ದೆಗೇಡಿಗೆ ಅದೂ ಕಾರಣ ಅಂತ ಯಾರಿಗೂ ಹೊಳೆದಿರಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ, ಜಗುಲಿಯ ಮೇಲೆ ಎಲೆ ತಟ್ಟೆ ಮುಂದಿಟ್ಟುಕೊಂಡು ಕೂರುತ್ತಿದ್ದ ಸಂಜೆಯ ಬೈಠಕ್ಕು. ತಟ್ಟೆ ಒಳಗೆ ಹೋಯಿತು, ಜೊತೆಗಾರರೂ ಬರುವುದು ಕಡಿಮೆ ಮಾಡಿದರು. ಅಡಿಕೆ ಬೆಳೆದೇ ಬದುಕಿದವರ ಮನೆಯಲ್ಲಿ ಎಲೆ ತಟ್ಟೆ ಇಲ್ಲ ಅಂದರೆ ಮಾತು ಶುರು ಮಾಡುವುದು ಹೇಗೆ ಅಂತಲೇ ಗೊತ್ತಾಗುವುದಿಲ್ಲ.

ಮನೋವೈದ್ಯರು ಸರ್ಟ್ರಾಲಿನ್ ಅನ್ನುವ ಖಿನ್ನತೆಯ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡಿದರು. ಹೃದಯಾಘಾತ ಆದವರಲ್ಲಿ ಅದು ಸುರಕ್ಷಿತ ಅಂತ 2002ರಲ್ಲೇ ಒಂದು ದೊಡ್ಡ ಪ್ರಯೋಗ ತೋರಿಸಿದೆ. ರಕ್ತ ತೆಳುವಾಗುವ ಮಾತ್ರೆಗಳ ಜೊತೆ ಸೇರಿದಾಗ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಹೆಚ್ಚು, ಮಲ ಕಪ್ಪಾದರೆ ಅಥವಾ ವಸಡಿನಲ್ಲಿ ರಕ್ತ ಬಂದರೆ ತಿಳಿಸಿ ಅಂದರು. ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು ಅಂತಲೂ ಹೇಳಿದರು.

ಇನ್ನು ಹೆದರಿಕೆ. ಒಂದು ವಿಷಯ ಒಪ್ಪಿಕೊಳ್ಳಬೇಕು, ಅಣ್ಣಯ್ಯನ ಹೆದರಿಕೆಯಲ್ಲಿ ಒಂದು ಪಾಲು ಪೂರ್ತಿ ನ್ಯಾಯವಾದದ್ದು. ಮಳೆಗಾಲ, ಕರೆಂಟ್ ಇಲ್ಲ, ಕರೆಂಟ್ ಹೋದರೆ ಟವರೂ ಇಲ್ಲ. ರಸ್ತೆಗೆ ಮರ ಬೀಳುತ್ತದೆ. ಇಸಿಜಿ ಸಿಗುವ ಜಾಗಕ್ಕೆ ಒಂದು ಗಂಟೆ ದಾರಿ. ಬೆಂಗಳೂರಿನ ಪುಸ್ತಕದ ಪ್ರಕಾರ "ನಿಮ್ಮ ಹೆದರಿಕೆಗೆ ಆಧಾರ ಇದೆಯಾ, ಯೋಚಿಸಿ ನೋಡಿ" ಅಂತ ಕೇಳಿದರೆ ಅವರು ಆಧಾರ ತೋರಿಸುತ್ತಾರೆ. ಹಾಗಾಗಿ ಸಮಾಧಾನ ಹೇಳುವ ಬದಲು ಏರ್ಪಾಡು ಮಾಡಿದೆವು. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ನಡುಮನೆ ಗೋಡೆಗೆ ಅಂಟಿಸಿದ್ದು. ಎದೆಯ ನಡುವೆ ಹಿಂಡಿದಂತಾಗಿ ಕೈಗೋ ದವಡೆಗೋ ಹರಡಿದರೆ, ತಣ್ಣನೆ ಬೆವರು ಬಂದರೆ, ಕೂತುಕೊಂಡು ರಕ್ತನಾಳ ಸಡಿಲಿಸುವ ಸಾರ್ಬಿಟ್ರೇಟ್ ಮಾತ್ರೆ ಒಂದು ನಾಲಿಗೆ ಕೆಳಗೆ. ಐದು ನಿಮಿಷಕ್ಕೆ ಕಡಿಮೆ ಆಗದಿದ್ದರೆ ಕಷಾಯ ಇಲ್ಲ, ಸೋಡಾ ಇಲ್ಲ, ಹೊರಡುವುದು. ಯಾರ ಜೀಪು, ಅವರು ಇಲ್ಲದಿದ್ದರೆ ಯಾರದು, ಸಿಗ್ನಲ್ ಸಿಗುವುದು ಯಾವ ತಿರುವಿನಲ್ಲಿ, ಮರ ಬಿದ್ದರೆ ಯಾವ ದಾರಿ. ಜೀಪಿನವರನ್ನು ಕರೆಸಿ ಅವರ ಎದುರೇ ಬರೆದದ್ದು. ಅವರು "ರಾತ್ರಿ ಎರಡು ಗಂಟೆಗೂ ಬರ್ತೇನೆ, ಕರೀಲಿಕ್ಕೆ ಸಂಕೋಚ ಮಾಡಬೇಡಿ" ಅಂದರು. ಯಾವ ಡಾಕ್ಟರ ಸಮಾಧಾನಕ್ಕಿಂತಲೂ ಈ ಮಾತು ಹೆಚ್ಚು ಕೆಲಸ ಮಾಡಿತು ಅಂತ ನನಗೆ ಖಾತ್ರಿ. ಅವತ್ತಿನಿಂದ ಬಿಪಿ ಮೆಷಿನ್ ಅತ್ತಿಗೆಯ ಕಪಾಟಿಗೆ ಹೋಯಿತು, ದಿನಕ್ಕೆ ಬೆಳಿಗ್ಗೆ ಒಂದೇ ಸಲ. ಆಕ್ಸಿಮೀಟರನ್ನು ಮಗನಿಗೆ ವಾಪಸ್ ಕಳಿಸಿದರು.

ಆಮೇಲೆ ನಡಿಗೆ. ಹೃದ್ರೋಗಿಗಳಿಗೆ ವ್ಯಾಯಾಮ ಕಲಿಸುವ ಪುನಶ್ಚೇತನ ಕೇಂದ್ರ ನಮ್ಮ ತಾಲ್ಲೂಕುಗಳಲ್ಲಿ ಎಲ್ಲಿ ಸಿಗುತ್ತದೆ? ಇದ್ದದ್ದು ಅಂಗಳ, ಕೊಟ್ಟಿಗೆ, ಉಣುಗೋಲು (ಬೇಲಿಯ ಬಾಗಿಲಿನ ಅಡ್ಡಗೋಲು), ತೋಟದ ದಾರಿ. ಹೃದ್ರೋಗ ತಜ್ಞರು ನಡೆಯಬಹುದು ಅಂತ ಬರೆದುಕೊಟ್ಟ ಮೇಲೆ, ಅಣ್ಣಯ್ಯನ ಬಾಯಲ್ಲೇ ದಾರಿಯನ್ನು ತುಂಡು ತುಂಡು ಮಾಡಿಸಿದೆವು. ಯಾವ ಜಾಗಕ್ಕೆ ಹೋಗಲು ಎಷ್ಟು ಹೆದರಿಕೆ, ಹತ್ತಕ್ಕೆ ಎಷ್ಟು. ಕೊಟ್ಟಿಗೆ ಎರಡು. ಉಣುಗೋಲು ನಾಲ್ಕು. ತೋಟದ ಅಂಚು ಏಳು. ಕೆಳಗಿನ ಹಳ್ಳದ ತನಕ ಹೋಗಿ ಒಬ್ಬರೇ ಹತ್ತಿ ಬರುವುದು ಹತ್ತು. ಒಂದೊಂದು ಜಾಗಕ್ಕೆ ದಿನಾ ಹೋಗಬೇಕು, ಹೆದರಿಕೆ ಅರ್ಧಕ್ಕೆ ಇಳಿದ ಮೇಲೆ ಮುಂದಿನದಕ್ಕೆ. ನಡೆಯುವಾಗ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ನಿಧಾನ. ದಾರಿಯಲ್ಲಿ ನಾಡಿ ಹಿಡಿದು ನೋಡುವಂತಿಲ್ಲ. ಈ ಕೊನೆಯ ನಿಯಮವನ್ನು ಅವರು ಕದ್ದು ಮುರಿಯುತ್ತಿದ್ದರು, ಅತ್ತಿಗೆ ಚಾಡಿ ಹೇಳುತ್ತಿದ್ದರು.

ಹತ್ತಿ ಬರುವಾಗ ಹೃದಯ ಜೋರಾಗಿ ಬಡಿಯುತ್ತದೆ, ಅದು ಬಡಿಯಲೇಬೇಕು, ಅದು ಕಾಯಿಲೆಯಲ್ಲ. ಇದನ್ನು ಮಾತಿನಲ್ಲಿ ಎಷ್ಟು ಹೇಳಿದರೂ ಹೋಗುವುದಿಲ್ಲ. ಹತ್ತಿ, ಬಡಿತ ಜೋರಾಗಿ, ಐದು ನಿಮಿಷ ಕೂತು, ಅದು ತಾನಾಗಿ ಇಳಿಯುವುದನ್ನು ಮೈಯೇ ಕಲಿಯಬೇಕು. ಉಣುಗೋಲಿನಿಂದ ಮುಂದೆ ಹೋಗದೆ ಸುಮಾರು ದಿನ ಅಲ್ಲೇ ನಿಂತರು. ಅಲ್ಲಿಂದ ತೋಟಕ್ಕೆ ಇಳಿದ ದಿನ ಹೆದರಿಕೆ ಓಡಿದ್ದು ಧೈರ್ಯದಿಂದ ಅಲ್ಲ, ಸಿಟ್ಟಿನಿಂದ. ಮೇಲಿನ ಸಾಲಿನ ಮರಗಳ ಎಲೆಗಳಲ್ಲಿ ಚುಕ್ಕಿ ಕಂಡಿತ್ತು, ಎಲೆಚುಕ್ಕಿ ರೋಗ. ಚೇಣಿಯವರು ಫಸಲಿನ ಮೇಲೆ ಕಣ್ಣಿಟ್ಟವರು, ಮರ ಯಾಕೆ ನೋಡುತ್ತಾರೆ? ಅಣ್ಣಯ್ಯ ಬೈಯುತ್ತಾ ಇಳಿದರು, ಬೈಯುತ್ತಾ ಹತ್ತಿದರು. ಮುಂದಿನ ಮಂಗಳವಾರ ನಮ್ಮ ಮುಂದೆ ಅರ್ಧ ಗಂಟೆ ಎಲೆಚುಕ್ಕಿಯದೇ ಮಾತು. ಹೃದಯದ ಸುದ್ದಿ ಬರಲೇ ಇಲ್ಲ.

ಅತ್ತಿಗೆಯ ಬಗ್ಗೆ ಹೇಳದಿದ್ದರೆ ಇದು ಅರ್ಧ ಪ್ರಕರಣ. ರಾತ್ರಿ ಗಂಡನ ಉಸಿರು ಕೇಳುತ್ತಾ ಮಲಗುತ್ತಿದ್ದರು, ಕೇಳದಿದ್ದರೆ ಎದೆ ಮೇಲೆ ಕೈ ಇಟ್ಟು ನೋಡುತ್ತಿದ್ದರು, ಅವರು ಬೆಚ್ಚಿ ಏಳುತ್ತಿದ್ದರು. ಇಡೀ ಮನೆಗೆ ಉಪ್ಪಿಲ್ಲದ ಅಡುಗೆ. ಅಪ್ಪೆಮಿಡಿ ಭರಣಿಯನ್ನು ಅಟ್ಟಕ್ಕೆ ಹಾಕಿದ್ದರು, ತಮಗೂ ಇಲ್ಲ. ಸಾಲದ ನೋಟಿಸ್ ಬಂದರೆ, ಹಸು ಕಾಯಿಲೆ ಬಿದ್ದರೆ ಅವರಿಗೆ ತಿಳಿಸುವಂತಿಲ್ಲ. ಮಗನ ಫೋನ್ ಬಂದರೆ ಅಡುಗೆಮನೆಗೆ ಹೋಗಿ ತಗ್ಗಿದ ದನಿಯಲ್ಲಿ ಮಾತು. ಹೊರಗೆ ಕೂತ ಅಣ್ಣಯ್ಯ ಏನೆಂದುಕೊಂಡಿದ್ದರು ಗೊತ್ತಾ? ತನ್ನ ನಿಜವಾದ ರಿಪೋರ್ಟನ್ನು ಮುಚ್ಚಿಟ್ಟಿದ್ದಾರೆ ಅಂತ. ಅವರು ಮಾತಾಡುತ್ತಿದ್ದದ್ದು ಸೊಸೈಟಿ ಸಾಲದ ವಿಷಯ. ಒಂದು ಭೇಟಿಯಲ್ಲಿ ಮಗನನ್ನೂ ಫೋನಿನಲ್ಲಿ ಸೇರಿಸಿಕೊಂಡು ಫೈಲನ್ನು ಮೊದಲ ಹಾಳೆಯಿಂದ ಕೊನೆಯವರೆಗೆ ಎಲ್ಲರ ಎದುರು ಓದಿದೆವು. ತೋಟ ಮಾರಿ ಬೆಂಗಳೂರಿಗೆ ಬನ್ನಿ ಅಂತ ಮಗ ಆಗಲೂ ಹೇಳಿದ. "ಅಲ್ಲಿ ಬಂದು ಲಿಫ್ಟ್ ಹತ್ತಿ ಇಳಿದು ಎಂತ ಮಾಡುದು?" ಅಂತ ಅಣ್ಣಯ್ಯ. ಆ ಜಗಳ ಮುಗಿದಿಲ್ಲ, ಆದರೆ ಈಗ ಎದುರೆದುರೇ ನಡೆಯುತ್ತದೆ.

ಗಂಡ ಹೆಂಡತಿ ಬೇರೆ ಬೇರೆ ಮಲಗಲು ಶುರು ಮಾಡಿದ್ದನ್ನು ಇಬ್ಬರೂ ಹೇಳಲಿಲ್ಲ, ನಾವೇ ಕೇಳಬೇಕಾಯಿತು. ಅತ್ತಿಗೆ ಹೊರಗೆ ಹೋದ ಮೇಲೆ ಅಣ್ಣಯ್ಯ ನೆಲ ನೋಡುತ್ತಾ "ಅದೆಲ್ಲ ಮುಗೀತು ಅಂದ್ಕೊಂಡಿದ್ದೆ" ಅಂದರು. ಮುಗಿದಿಲ್ಲ. ಸ್ಥಿತಿ ಸ್ಥಿರವಾಗಿರುವವರು ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ದಮ್ಮು ಇಲ್ಲದೆ ಹತ್ತಬಲ್ಲರಾದರೆ ದಾಂಪತ್ಯಕ್ಕೂ ಅಡ್ಡಿಯಿಲ್ಲ ಅಂತ ಹೃದ್ರೋಗ ತಜ್ಞರು ಸಾಮಾನ್ಯವಾಗಿ ಹೇಳುತ್ತಾರೆ. ಒಂದೇ ಎಚ್ಚರಿಕೆ, ಸಾರ್ಬಿಟ್ರೇಟ್ ಜಾತಿಯ ಮಾತ್ರೆ ಬಳಸುವವರು ವಯಾಗ್ರಾ ಥರದ ಗುಳಿಗೆಯನ್ನು ಮುಟ್ಟಲೇಬಾರದು, ರಕ್ತದೊತ್ತಡ ಧಡಾರನೆ ಬೀಳುತ್ತದೆ. ಅದಾದ ಮೇಲೆ ಅಣ್ಣಯ್ಯ ಉಪ್ಪರಿಗೆ ಹತ್ತುವ ಅಭ್ಯಾಸದಲ್ಲಿ ಸ್ವಲ್ಪ ಜಾಸ್ತಿಯೇ ಆಸಕ್ತಿ ತೋರಿಸಿದರು ಅನ್ನುವುದನ್ನು ಬರೆದರೆ ಬೈಯುತ್ತಾರೇನೋ.

ಮನೆಯವರು ಪ್ರಶ್ನೆ ಕೇಳಿಸಿ ಮೃತ್ಯುಂಜಯ ಹೋಮವನ್ನೂ ಮಾಡಿಸಿದ್ದರು. ನಮ್ಮ ವೃತ್ತಿಯವರು ಕೆಲವರು ಇದಕ್ಕೆ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಮಾತ್ರೆ ಬಿಟ್ಟು ಹೋಮ ಮಾಡಿದ್ದರೆ ಬೇರೆ ಮಾತು. ಆ ದಿನ ಅಣ್ಣಯ್ಯ ಮಡಿ ಉಟ್ಟು ಯಜಮಾನರಾಗಿ ಮಣೆ ಮೇಲೆ ಕೂತರು, ಸಂಕಲ್ಪ ಅವರ ಹೆಸರಲ್ಲಿ, ದಕ್ಷಿಣೆ ಅವರ ಕೈಯಿಂದ. ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಯಲ್ಲಿ ಅವರು ಒಂದು ಕೆಲಸಕ್ಕೆ ಬೇಕಾದದ್ದು ಅದೇ ಮೊದಲು.

2025ರ ಜೂನ್ ಹೊತ್ತಿಗೆ ಖಿನ್ನತೆಯ ಅಂಕ 16ರಿಂದ 7ಕ್ಕೆ ಬಂದಿತ್ತು. ಆಗಲೇ ಹಾಸನದ ಸುದ್ದಿ ಶುರುವಾಯಿತು. ಚಿಕ್ಕ ವಯಸ್ಸಿನವರ ಹಠಾತ್ ಸಾವುಗಳು, ಟಿವಿಯಲ್ಲಿ ದಿನವಿಡೀ ಅದೇ, ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಅಣ್ಣಯ್ಯನ ಆಘಾತಕ್ಕೆ ಸರಿಯಾಗಿ ಒಂದು ವರ್ಷ ತುಂಬುವ ಸಮಯ, ಹೊರಗೆ ಅದೇ ಮಳೆ, ಅದೇ ಔಷಧಿ ಹೊಡೆಯುವ ಕಾಲ. ಕಪಾಟಿನಿಂದ ಬಿಪಿ ಮೆಷಿನ್ ಹೊರಗೆ ಬಂತು. ಮತ್ತೆ ಒಂದು ರಾತ್ರಿ ಜೀಪು, ಮತ್ತೆ ನಾರ್ಮಲ್ ಇಸಿಜಿ. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆಮೇಲೆ ಕೋವಿಡ್ ಅಥವಾ ಲಸಿಕೆ ಕಾರಣ ಅನ್ನಲು ಆಧಾರ ಸಿಗಲಿಲ್ಲ ಅಂದಿತು, ಆದರೆ ಸಾವಿನ ಸುದ್ದಿ ಹಬ್ಬಿದಷ್ಟು ವರದಿ ಎಲ್ಲಿ ಹಬ್ಬುತ್ತದೆ?

ಇದನ್ನು ಸೋಲು ಅಂತ ಬರೆಯಲಾರೆ. ವರ್ಷ ತುಂಬುವಾಗ ಹೀಗೆ ಮರುಕಳಿಸುವುದು ತುಂಬ ಜನರಲ್ಲಿ ನೋಡಿದ್ದೇವೆ, ಮೊದಲೇ ಹೇಳಿಯೂ ಇದ್ದೆವು. ಈ ಸಲ ಅವರೇ ನಾಲ್ಕನೇ ದಿನ ಫೋನ್ ಮಾಡಿ "ಶುರುವಾಗಿದೆ, ಉಣುಗೋಲಿಗೆ ವಾಪಸ್ ಬಂದಿದ್ದೀನಿ" ಅಂದರು. ವಾಟ್ಸಾಪ್ ಗುಂಪುಗಳನ್ನು ಮ್ಯೂಟ್ ಮಾಡಿಸಿದೆವು, ರಾತ್ರಿಯ ಟಿವಿ ಸುದ್ದಿ ಬಂದ್. ನಡಿಗೆ ಮತ್ತೆ ಮೊದಲಿಂದ. ಹೋದ ಸಲಕ್ಕಿಂತ ಬೇಗ ತೋಟ ಮುಟ್ಟಿದರು.

ಆ ವರ್ಷದ ಫಸಲನ್ನು ಚೇಣಿಗೆ ಕೊಡಲಿಲ್ಲ. ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಮನೆಯಲ್ಲೇ ಆಯಿತು. ಅವರು ಗೊನೆ ಹೊರುವುದಿಲ್ಲ, ಗುಡ್ಡ ಹತ್ತಿ ಸೊಪ್ಪಿಗೆ ಹೋಗುವುದಿಲ್ಲ, ಲೆಕ್ಕ ಬರೆಯುತ್ತಾರೆ, ಆಳುಗಳ ಮೇಲೆ ಕೂಗುತ್ತಾರೆ. ಈಚಿನ ಎಕೋದಲ್ಲಿ ಇಎಫ್ 50. ಎಡಕ್ಕೆ ಮಗ್ಗುಲಾಗಿ ಮಲಗುವುದು ಇನ್ನೂ ಆಗಿಲ್ಲ. ಉಪ್ಪಿನಕಾಯಿ ಭರಣಿ ಕೆಳಗಿಳಿದಿದೆ, ಅತ್ತಿಗೆಗೆ ಮಾತ್ರ.

ಸರ್ಟ್ರಾಲಿನ್ ನಿಲ್ಲಿಸಬೇಕು ಅಂತ ಅಣ್ಣಯ್ಯನಿಗೆ ಅವಸರ. ಹೃದಯದ ಮಾತ್ರೆಗಳ ಬಗ್ಗೆ ತಕರಾರಿಲ್ಲ, ಇದೊಂದು ಮಾತ್ರ ಡಬ್ಬದಲ್ಲಿ ಕಣ್ಣಿಗೆ ಚುಚ್ಚುತ್ತದಂತೆ. ಮನೋವೈದ್ಯರು ನಿಲ್ಲಿಸಲು ಒಪ್ಪಿದ್ದಾರೆ, ಆದರೆ ಒಮ್ಮೆಲೇ ಅಲ್ಲ, ನಿಧಾನವಾಗಿ ಇಳಿಸುತ್ತಾ, ಅದೂ ಮುಂದಿನ ಮಳೆಗಾಲ ಕಳೆದ ಮೇಲೆ. ಅತ್ತಿಗೆಗೆ ಆಗಲೂ ಬೇಡ. ಮುಂದಿನ ಮಂಗಳವಾರ ಇಬ್ಬರೂ ಬಂದು ಈ ವಿಷಯಕ್ಕೇ ವಾದ ಮಾಡುವುದು ಅಂತ ಆಗಿದೆ.